ಇಂಗ್ಲಿಷ್ ವಾಕ್ಯದಲ್ಲಿ ಅಡ್ಜೆಕ್ಟಿವ್ ಗುರುತಿಸುವುದು, ಬಳಸುವುದು: ಮಲೆನಾಡಿನ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡ ಮಾಧ್ಯಮದಲ್ಲಿ ಓದುತ್ತಿರುವ ಹೈಸ್ಕೂಲು ಮಕ್ಕಳು, ಅವರಿಗೆ ಮನೆಯಲ್ಲಿ ಪಾಠ ಹೇಳಿಕೊಡುವ ಅಪ್ಪ ಅಮ್ಮಂದಿರು, ಕೆಲಸಕ್ಕಾಗಿ ಇಂಗ್ಲಿಷ್ ಸರಿಮಾಡಿಕೊಳ್ಳುತ್ತಿರುವವರು ಇವರೆಲ್ಲ ಕೇಳುವ ಪ್ರಶ್ನೆಗಳು ಇಲ್ಲಿವೆ. ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇವೆ. ಗಟ್ಟಿಯಾಗಿ ಓದಿಕೊಂಡು, ಪಕ್ಕದ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಳ್ಳಿ. ಸ್ಪೆಲಿಂಗಿಗೂ ಅದರಿಂದ ಅಭ್ಯಾಸವಾಗುತ್ತದೆ.

ಅಡ್ಜೆಕ್ಟಿವ್ ಅಂದರೆ ಕನ್ನಡದ ಗುಣವಾಚಕವೇ?

ಬಹುಪಾಲು ಹೌದು, ಆದರೆ ಪೂರ್ತಿ ಅಲ್ಲ. ನಮ್ಮ ಶಾಲಾ ವ್ಯಾಕರಣದಲ್ಲಿ ಗುಣವಾಚಕ, ಸಂಖ್ಯಾವಾಚಕ, ಪರಿಮಾಣವಾಚಕ ಎಂದು ಬೇರೆ ಬೇರೆ ಹೆಸರಿವೆ, ಮೂರೂ ನಾಮಪದದ ಒಳಗಿನ ವಿಧಗಳು. ಇಂಗ್ಲಿಷಿನ ಶಾಲಾ ವ್ಯಾಕರಣ ಇವನ್ನು ನಾಮಪದದಿಂದ ಹೊರಗೆ ತೆಗೆದು ಅಡ್ಜೆಕ್ಟಿವ್ ಎಂಬ ಒಂದೇ ಗುಂಪಿನಲ್ಲಿ ಇಡುತ್ತದೆ. ‘ಗುಡ್’ ಗುಣ ಹೇಳುತ್ತದೆ, ‘ಫೈವ್’ ಸಂಖ್ಯೆ ಹೇಳುತ್ತದೆ, ‘ಮಚ್’ ಪ್ರಮಾಣ ಹೇಳುತ್ತದೆ. ‘ದಿಸ್’, ‘ದಟ್’, ‘ಮೈ’, ‘ಎವ್ರಿ’ ಇವನ್ನೂ ಹಳೆಯ ಪುಸ್ತಕಗಳು ಅಡ್ಜೆಕ್ಟಿವ್ ಎನ್ನುತ್ತವೆ. ಹೊಸ ಪುಸ್ತಕಗಳು ಅವಕ್ಕೆ ಡಿಟರ್ಮಿನರ್ ಎಂಬ ಪ್ರತ್ಯೇಕ ಹೆಸರು ಕೊಟ್ಟಿವೆ. ಪರೀಕ್ಷೆಯಲ್ಲಿ ನಿಮ್ಮ ಪಠ್ಯಪುಸ್ತಕ ಹೇಗೆ ಹೇಳುತ್ತದೋ ಹಾಗೆ ಬರೆಯಿರಿ. ಯಾವ ಹೆಸರಿಟ್ಟರೂ ವಾಕ್ಯದಲ್ಲಿ ಆ ಪದದ ಕೆಲಸ ಬದಲಾಗುವುದಿಲ್ಲ.

ವಾಕ್ಯದಲ್ಲಿ ಅದನ್ನು ಹುಡುಕುವುದು ಹೇಗೆ? ಪಟ್ಟಿ ಬಾಯಿಪಾಠ ಮಾಡಬೇಕಾ?

ಪಟ್ಟಿ ಬೇಡ. ಒಂದೇ ಪದ ಒಂದು ವಾಕ್ಯದಲ್ಲಿ ಅಡ್ಜೆಕ್ಟಿವ್, ಇನ್ನೊಂದರಲ್ಲಿ ಮತ್ತೇನೋ ಆಗಿರುತ್ತದೆ. ‘ಎ ಫಾಸ್ಟ್ ಬಸ್’ ಎಂದರೆ ಅಡ್ಜೆಕ್ಟಿವ್, ‘ದಿ ಬಸ್ ವೆಂಟ್ ಫಾಸ್ಟ್’ ಎಂದರೆ ಕ್ರಿಯಾವಿಶೇಷಣ. ಪದ ನಿಂತ ಜಾಗ ನೋಡಿ, ಅದು ಯಾವುದರ ಬಗ್ಗೆ ಹೇಳುತ್ತಿದೆ ಎಂದು ಕೇಳಿ.

ಮೊದಲು ವಾಕ್ಯದ ನಾಮಪದಗಳಿಗೆ ಅಡಿಗೆರೆ ಹಾಕಿ. ಆಮೇಲೆ ಒಂದೊಂದು ನಾಮಪದವನ್ನೂ ಹಿಡಿದು ‘ಎಂಥ?’, ‘ಎಷ್ಟು?’, ‘ಯಾವ?’ ಎಂದು ಕೇಳಿ. ಉತ್ತರವಾಗಿ ಬಂದ ಪದ ಎರಡು ಜಾಗಗಳಲ್ಲಿ ಒಂದರಲ್ಲಿ ಸಿಗುತ್ತದೆ. ಒಂದೋ ನಾಮಪದದ ಎದುರಿಗೇ ಇರುತ್ತದೆ: ‘ಎ ನ್ಯಾರೋ ರೋಡ್’. ಇಲ್ಲವೇ ‘ಈಸ್’, ‘ವಾಸ್’, ‘ಲುಕ್ಸ್’, ‘ಸೀಮ್ಸ್’, ‘ಬಿಕೇಮ್’ ಇಂಥ ಕ್ರಿಯಾಪದದ ಆಚೆಗಿರುತ್ತದೆ: ‘ದಿ ರೋಡ್ ಈಸ್ ನ್ಯಾರೋ’. ಕೊನೆಗೆ ಪದದ ಹಿಂದೆ ‘ವೆರಿ’ ಇಟ್ಟು ನೋಡಿ. ‘ವೆರಿ ನ್ಯಾರೋ’ ಕೂರುತ್ತದೆ, ಅಡ್ಜೆಕ್ಟಿವ್ ಎನ್ನಬಹುದು. ಆದರೆ ಈ ಪರೀಕ್ಷೆಯೊಂದನ್ನೇ ನಂಬಬೇಡಿ. ‘ವೆರಿ ಸ್ಲೋಲಿ’ ಕೂಡ ಸರಿಹೋಗುತ್ತದೆ, ಅದು ಕ್ರಿಯಾವಿಶೇಷಣ. ‘ವುಡನ್’, ‘ಡೆಡ್’, ‘ಮೇನ್’ ಅಪ್ಪಟ ಅಡ್ಜೆಕ್ಟಿವ್‌ಗಳು, ಆದರೂ ‘ವೆರಿ’ ಒಗ್ಗುವುದಿಲ್ಲ.

‘ಎಂಥ?’ ಎಂದು ಕೇಳಿದರೂ ತಪ್ಪು ಪದ ಸಿಗುತ್ತದಲ್ಲ?

ನಮ್ಮ ಕಡೆ ‘ಎಂಥ’ ಎನ್ನುವುದು ‘ಏನು’ ಎಂಬ ಅರ್ಥಕ್ಕೂ ನಡೆಯುತ್ತದೆ. ‘ಎಂಥ ಬೇಕು?’, ‘ಎಂಥ ಮಾಡ್ತಿದ್ದೀಯ?’ ಎಂದು ಕೇಳುವ ಊರಿನಲ್ಲಿ ಮಕ್ಕಳು ಬರಿ ‘ಎಂಥ?’ ಎಂದು ಕೇಳಿಕೊಂಡರೆ ಉತ್ತರವಾಗಿ ನಾಮಪದವೇ ಬಂದುಬಿಡುತ್ತದೆ. ‘ಶಿ ಬಾಟ್ ಎ ಬ್ಲ್ಯಾಕ್ ಅಂಬ್ರೆಲಾ’ ಎಂಬ ವಾಕ್ಯಕ್ಕೆ ‘ಎಂಥ ತಗೊಂಡಳು?’ ಎಂದರೆ ‘ಕೊಡೆ’ ಎನ್ನುತ್ತಾರೆ. ಅದಕ್ಕೇ ಪ್ರಶ್ನೆಯ ಒಳಗೆ ನಾಮಪದವನ್ನು ಸೇರಿಸಿಕೊಳ್ಳಿ: ‘ಎಂಥ ಕೊಡೆ?’ ‘ಕಪ್ಪು ಕೊಡೆ.’ ಆಗ ‘ಬ್ಲ್ಯಾಕ್’ ತಾನಾಗಿ ಬೀಳುತ್ತದೆ.

‘ಊಟ ಚೆನ್ನಾಗಿತ್ತು’ ಎನ್ನುವುದಕ್ಕೆ ‘ದಿ ಫುಡ್ ವಾಸ್ ನೈಸ್‌ಲಿ’ ಎಂದು ಬರೆದರೆ ಯಾಕೆ ತಪ್ಪು?

ಕನ್ನಡದವರು ಅತಿ ಹೆಚ್ಚು ಎಡವುವ ಜಾಗ ಇದು. ಸ್ವಲ್ಪ ನಿಧಾನವಾಗಿ ಓದಿ.

ಕನ್ನಡದಲ್ಲಿ ‘ಸುಂದರವಾದ’ ಎಂದರೆ ನಾಮಪದಕ್ಕೆ, ‘ಸುಂದರವಾಗಿ’ ಎಂದರೆ ಕ್ರಿಯಾಪದಕ್ಕೆ. ‘ಸುಂದರವಾದ ಹಾಡು’, ‘ಸುಂದರವಾಗಿ ಹಾಡಿದಳು’. ಇಲ್ಲಿಯವರೆಗೆ ಇಂಗ್ಲಿಷಿನ ಜೊತೆ ಹೊಂದಾಣಿಕೆ ಇದೆ: ‘ಎ ಬ್ಯೂಟಿಫುಲ್ ಸಾಂಗ್’, ‘ಶಿ ಸ್ಯಾಂಗ್ ಬ್ಯೂಟಿಫುಲಿ’. ಹೀಗಾಗಿ ‘ಆದ’ ಕಂಡರೆ ಅಡ್ಜೆಕ್ಟಿವ್, ‘ಆಗಿ’ ಕಂಡರೆ ಕೊನೆಗೆ ಎಲ್‌ವೈ ಹಚ್ಚಿದ ಕ್ರಿಯಾವಿಶೇಷಣ ಎಂದು ಮಕ್ಕಳು ಲೆಕ್ಕ ಹಾಕಿಕೊಳ್ಳುತ್ತಾರೆ. ಲೆಕ್ಕ ಕೆಡುವುದು ‘ಇದೆ’, ‘ಇತ್ತು’ ಬಂದಾಗ. ‘ಹಾಡು ಸುಂದರವಾಗಿದೆ’, ‘ಕಾಫಿ ಬಿಸಿಯಾಗಿದೆ’, ‘ರಸ್ತೆ ಕಿರಿದಾಗಿದೆ’, ‘ಊಟ ಚೆನ್ನಾಗಿತ್ತು’ ಇಲ್ಲೆಲ್ಲ ‘ಆಗಿ’ ಇದ್ದರೂ ನಾವು ಹೇಳುತ್ತಿರುವುದು ಹಾಡಿನ, ಕಾಫಿಯ, ರಸ್ತೆಯ, ಊಟದ ಗುಣ. ಯಾವ ಕೆಲಸವೂ ಅಲ್ಲಿ ನಡೆಯುತ್ತಿಲ್ಲ. ಇಂಗ್ಲಿಷ್ ಅದಕ್ಕೆ ಅಡ್ಜೆಕ್ಟಿವ್ ಕೇಳುತ್ತದೆ: ‘ದಿ ಸಾಂಗ್ ಈಸ್ ಬ್ಯೂಟಿಫುಲ್’, ‘ದಿ ಕಾಫಿ ಈಸ್ ಹಾಟ್’, ‘ದಿ ರೋಡ್ ಈಸ್ ನ್ಯಾರೋ’, ‘ದಿ ಫುಡ್ ವಾಸ್ ಗುಡ್’.

ಆದ್ದರಿಂದ ನಿಯಮವನ್ನು ಹೀಗೆ ತಿದ್ದಿಕೊಳ್ಳಿ: ‘ಆಗಿ’ಯ ಮುಂದೆ ಹಾಡಿದಳು, ಓಡಿದ, ಬರೆದ ಎಂಬಂಥ ಕೆಲಸದ ಪದವಿದ್ದರೆ ಕ್ರಿಯಾವಿಶೇಷಣ. ‘ಆಗಿ’ಯ ಬಾಲಕ್ಕೆ ಇದೆ, ಇತ್ತು, ಇರುತ್ತದೆ ಅಂಟಿಕೊಂಡಿದ್ದರೆ ಅಡ್ಜೆಕ್ಟಿವ್.

ರುಚಿ, ವಾಸನೆ, ನೋಟ, ಸದ್ದು ಹೇಳುವ ಕ್ರಿಯಾಪದಗಳೂ ‘ಈಸ್’ ಇದ್ದ ಹಾಗೆಯೇ. ‘ದಿ ಕಾಫಿ ಸ್ಮೆಲ್ಸ್ ಗುಡ್’ ಸರಿ, ‘ಸ್ಮೆಲ್ಸ್ ವೆಲ್’ ಅಲ್ಲ. ಸಂಶಯ ಬಂದರೆ ‘ಸ್ಮೆಲ್ಸ್’ ತೆಗೆದು ‘ಈಸ್’ ಹಾಕಿ. ‘ದಿ ಕಾಫಿ ಈಸ್ ಗುಡ್’ ಎಂದು ವಾಕ್ಯ ನಿಂತರೆ ಅಲ್ಲಿ ಬೇಕಾಗಿದ್ದದ್ದು ಅಡ್ಜೆಕ್ಟಿವ್.

‘ಮನೆ ದೊಡ್ಡದು’ ಎರಡೇ ಪದ. ಇಂಗ್ಲಿಷಿನಲ್ಲಿ ‘ಈಸ್’ ಯಾಕೆ ಬೇಕು?

ಕನ್ನಡದ ‘ದೊಡ್ಡದು’ ತನ್ನೊಳಗೇ ವಾಕ್ಯ ಮುಗಿಸುವ ಶಕ್ತಿ ಇಟ್ಟುಕೊಂಡಿದೆ. ಇಂಗ್ಲಿಷಿನ ‘ಬಿಗ್’ಗೆ ಆ ಶಕ್ತಿ ಇಲ್ಲ, ಕ್ರಿಯಾಪದದ ಆಸರೆ ಬೇಕು: ‘ದಿ ಹೌಸ್ ಈಸ್ ಬಿಗ್’. ಅದರ ಬದಲಿಗೆ ಒಂದು ಅನುಕೂಲವೂ ಇದೆ. ದೊಡ್ಡವನು, ದೊಡ್ಡವಳು, ದೊಡ್ಡದು, ದೊಡ್ಡವು ಎಂದು ನಾವು ರೂಪ ಬದಲಿಸುತ್ತೇವೆ. ಲಿಂಗ, ವಚನ ಯಾವುದಾದರೂ ‘ಬಿಗ್’ ಬದಲಾಗುವುದಿಲ್ಲ. ನಾಮಪದ ಬಹುವಚನವಾದರೂ ‘ಬಿಗ್ ಹೌಸಸ್’ ಎಂದೇ, ‘ಬಿಗ್ಸ್’ ಎಂಬುದಿಲ್ಲ.

‘ನನಗೆ ಹಸಿವು’ ಎನ್ನಲು ‘ಹಂಗರ್ ಟು ಮಿ’ ಅನ್ನಬಾರದೇ?

ಬಾರದು. ಹಸಿವು, ಬಾಯಾರಿಕೆ, ಸುಸ್ತು, ನಿದ್ದೆ, ಭಯ ಕನ್ನಡದಲ್ಲಿ ನಾಮಪದಗಳು, ‘ನನಗೆ’ ಆಗುವಂಥವು. ಇಂಗ್ಲಿಷಿನಲ್ಲಿ ಅವೇ ಅಡ್ಜೆಕ್ಟಿವ್ ಆಗುತ್ತವೆ, ‘ನನಗೆ’ ಹೋಗಿ ‘ಐ ಆ್ಯಮ್’ ಬರುತ್ತದೆ: ಹಂಗ್ರಿ, ಥರ್ಸ್ಟಿ, ಟೈರ್ಡ್, ಸ್ಲೀಪಿ, ಅಫ್ರೇಡ್. ಚಳಿಯೂ ಹಾಗೆಯೇ, ‘ಐ ಆ್ಯಮ್ ಕೋಲ್ಡ್’. ನೆಗಡಿಯಾದರೆ ಮಾತ್ರ ‘ಕೋಲ್ಡ್’ ನಾಮಪದ: ‘ಐ ಹ್ಯಾವ್ ಎ ಕೋಲ್ಡ್’.

ಎಲ್‌ವೈ ಇದ್ದರೆಲ್ಲ ಕ್ರಿಯಾವಿಶೇಷಣವೇ?

ಅಲ್ಲ. ಫ್ರೆಂಡ್ಲಿ, ಲೋನ್ಲಿ, ಲವ್ಲಿ, ಕಾಸ್ಟ್ಲಿ, ಸಿಲ್ಲಿ ಅಡ್ಜೆಕ್ಟಿವ್‌ಗಳು. ‘ಎ ಡೈಲಿ ಬಸ್’ನಲ್ಲಿ ‘ಡೈಲಿ’ಯೂ ಹೌದು. ‘ಹಾರ್ಡ್’ ಮತ್ತು ‘ಹಾರ್ಡ್ಲಿ’ ಜೋಡಿಯಲ್ಲಿ ಎಚ್ಚರ ಬೇಕು. ‘ಹಾರ್ಡ್ಲಿ’ ಎಂದರೆ ‘ಹೆಚ್ಚೂಕಮ್ಮಿ ಇಲ್ಲವೇ ಇಲ್ಲ’ ಎಂದು. ಕಷ್ಟಪಟ್ಟು ಓದುತ್ತಾನೆ ಎನ್ನಲು ಹೋಗಿ ‘ಹಿ ಹಾರ್ಡ್ಲಿ ಸ್ಟಡೀಸ್’ ಎಂದರೆ ಅವನು ಓದುವುದೇ ಇಲ್ಲ ಎಂದಾಗುತ್ತದೆ. ‘ಹಿ ಸ್ಟಡೀಸ್ ಹಾರ್ಡ್’ ಎನ್ನಿ.

‘ಅಡಿಕೆ ತೋಟ’ದಲ್ಲಿ ‘ಅಡಿಕೆ’ ಅಡ್ಜೆಕ್ಟಿವ್ ಆಗುತ್ತದೆಯೇ?

‘ಆ್ಯರಿಕಾ ಗಾರ್ಡನ್’, ‘ಟೀ ಶಾಪ್’, ‘ಬಸ್ ಸ್ಟ್ಯಾಂಡ್’ ಇವುಗಳ ಮೊದಲ ಪದ ನಾಮಪದವೇ. ಅಡ್ಜೆಕ್ಟಿವ್ ನಿಲ್ಲುವ ಜಾಗದಲ್ಲಿ ನಿಂತಿದೆ ಅಷ್ಟೇ. ‘ದಿ ಗಾರ್ಡನ್ ಈಸ್ ಆ್ಯರಿಕಾ’ ಎಂದು ತಿರುಗಿಸಿದರೆ ವಾಕ್ಯ ಕೆಡುತ್ತದೆ, ಅದೇ ಗುರುತು.

ನಮ್ಮ ಷಷ್ಠಿ ವಿಭಕ್ತಿ ಇಲ್ಲಿ ಒಂದೇ ದಾರಿಯಲ್ಲಿ ಹೋಗುವುದಿಲ್ಲ. ‘ಮರದ ಪೆಟ್ಟಿಗೆ’ ಎಂದರೆ ‘ವುಡನ್ ಬಾಕ್ಸ್’, ‘ಉಣ್ಣೆಯ ಕಂಬಳಿ’ ಎಂದರೆ ‘ವುಲನ್ ಬ್ಲ್ಯಾಂಕೆಟ್’, ಇವೆರಡೂ ಅಡ್ಜೆಕ್ಟಿವ್. ‘ಕಲ್ಲಿನ ಗೋಡೆ’ ಮಾತ್ರ ‘ಸ್ಟೋನ್ ವಾಲ್’, ನಾಮಪದ ಹಾಗೆಯೇ ಉಳಿಯುತ್ತದೆ. ‘ಸ್ಟೋನಿ’ ಎಂಬ ಅಡ್ಜೆಕ್ಟಿವ್ ಇದೆ, ಆದರೆ ಅದು ಕಲ್ಲು ತುಂಬಿದ ದಾರಿಗೆ: ‘ಎ ಸ್ಟೋನಿ ಪಾತ್’. ‘ಚಿನ್ನದ ಸರ’ಕ್ಕೂ ‘ಗೋಲ್ಡ್ ಚೈನ್’ ಎನ್ನುವುದೇ ರೂಢಿ. ‘ಗೋಲ್ಡನ್’ ಹೆಚ್ಚಾಗಿ ಬಣ್ಣಕ್ಕೆ ಸಲ್ಲುತ್ತದೆ.

ಕನ್ನಡದ ಒಂದು ಪದಕ್ಕೆ ಇಂಗ್ಲಿಷಿನಲ್ಲಿ ಒಂದೇ ಪದ ಸಾಕಾಗುವುದಿಲ್ಲವೇ?

ಸಾಕಾಗುವುದಿಲ್ಲ. ನಿಘಂಟಿನಲ್ಲಿ ಮೊದಲು ಕಂಡ ಪದವನ್ನು ಎತ್ತಿಕೊಂಡು ಬಂದರೆ ವ್ಯಾಕರಣ ಸರಿಯಿದ್ದೂ ವಾಕ್ಯ ಹೊಂದದೆ ಹೋಗುವುದು ಇಲ್ಲಿಯೇ. ನಮ್ಮ ‘ಹಸಿ’ಯನ್ನೇ ನೋಡಿ. ಹಸಿ ಹಾಲು ‘ರಾ ಮಿಲ್ಕ್’. ಹಸಿ ಮೆಣಸಿನಕಾಯಿ ‘ಗ್ರೀನ್ ಚಿಲ್ಲಿ’. ಹಸಿ ಶುಂಠಿ ‘ಫ್ರೆಶ್ ಜಿಂಜರ್’. ಆಗಷ್ಟೇ ಕಡಿದ ಹಸಿ ಕಟ್ಟಿಗೆ ‘ಗ್ರೀನ್ ವುಡ್’, ಮಳೆಯಲ್ಲಿ ನೆನೆದದ್ದಾದರೆ ‘ವೆಟ್ ವುಡ್’. ಆಷಾಢದಲ್ಲಿ ತೇವ ಹಿಡಿದು ಹಸಿಯಾದ ಗೋಡೆ ‘ಡ್ಯಾಂಪ್ ವಾಲ್’. ಹಸಿ ಸುಳ್ಳು ‘ಆ್ಯನ್ ಔಟ್‌ರೈಟ್ ಲೈ’. ಆರು ಕಡೆ ನಾವು ಒಂದೇ ‘ಹಸಿ’ಯಲ್ಲಿ ನಡೆಸುತ್ತೇವೆ. ಇಂಗ್ಲಿಷ್ ಪ್ರತಿ ಸಲ ಯಾವ ನಾಮಪದ ಎಂದು ನೋಡಿ ಪದ ಆರಿಸುತ್ತದೆ.

‘ಜೋರು’ ಕೂಡ ಹೀಗೆಯೇ. ಜೋರು ಮಳೆ ‘ಹೆವಿ ರೇನ್’, ಜೋರು ಗಾಳಿ ‘ಸ್ಟ್ರಾಂಗ್ ವಿಂಡ್’, ಜೋರು ಜ್ವರ ‘ಹೈ ಫೀವರ್’, ಜೋರು ದನಿ ‘ಲೌಡ್ ವಾಯ್ಸ್’. ‘ಸ್ಟ್ರಾಂಗ್ ರೇನ್’ ಎಂದರೆ ಅರ್ಥವಾಗುತ್ತದೆ, ಆದರೆ ಯಾರೂ ಹಾಗೆ ಹೇಳುವುದಿಲ್ಲ. ‘ದಪ್ಪ’ ಪುಸ್ತಕಕ್ಕೆ ‘ಥಿಕ್’, ಮನುಷ್ಯರಿಗೆ ‘ಫ್ಯಾಟ್’. ಹಾಗೆಂದು ಎದುರಿಗೇ ಯಾರನ್ನೂ ‘ಫ್ಯಾಟ್’ ಎನ್ನಬೇಡಿ, ನೋವಾಗುತ್ತದೆ. ಮರ ‘ಟಾಲ್’, ಹಗ್ಗ ‘ಲಾಂಗ್’. ನಾವು ‘ಹುಡುಗ ಉದ್ದ ಇದ್ದಾನೆ’ ಎಂದರೂ ಇಂಗ್ಲಿಷಿನಲ್ಲಿ ಅವನು ‘ಟಾಲ್’ ಆಗಬೇಕು.

ಹಾಗಾಗಿ ಅಡ್ಜೆಕ್ಟಿವ್ ಒಂದನ್ನೇ ಬರೆದುಕೊಳ್ಳುವ ಅಭ್ಯಾಸ ಬಿಡಿ. ‘ಹೆವಿ = ಭಾರ’ ಎಂದು ಬರೆದುಕೊಂಡವರಿಗೆ ‘ಹೆವಿ ರೇನ್’ ಹೊಳೆಯುವುದಿಲ್ಲ. ನಾಮಪದದ ಜೊತೆಗೂಡಿಸಿ, ಜೋಡಿಯಾಗಿಯೇ ಬರೆದಿಟ್ಟುಕೊಳ್ಳಿ. ದಿನಕ್ಕೆ 5 ಜೋಡಿ ಸಾಕು.

‘ಐ ಆ್ಯಮ್ ಬೋರಿಂಗ್’ ಎಂದರೆ ಏನಾಗುತ್ತದೆ?

‘ನನ್ನಿಂದ ಬೇರೆಯವರಿಗೆ ಬೇಜಾರು’ ಎಂದಾಗುತ್ತದೆ. ನಿಮಗೇ ಬೇಜಾರಾಗಿದ್ದರೆ ‘ಐ ಆ್ಯಮ್ ಬೋರ್ಡ್’. ಇದಕ್ಕೆ ಕನ್ನಡದಲ್ಲೇ ಒಳ್ಳೆಯ ಅಳತೆಗೋಲಿದೆ. ‘ದಣಿದ ಪ್ರಯಾಣಿಕ’ ಎಂದರೆ ‘ಟೈರ್ಡ್ ಪ್ಯಾಸೆಂಜರ್’, ‘ದಣಿಸುವ ಪ್ರಯಾಣ’ ಎಂದರೆ ‘ಟೈರಿಂಗ್ ಜರ್ನಿ’. ‘ಹೆದರಿದ ನಾಯಿ’ ಎಂದರೆ ‘ಫ್ರೈಟನ್ಡ್ ಡಾಗ್’, ‘ಹೆದರಿಸುವ ನಾಯಿ’ ಎಂದರೆ ‘ಫ್ರೈಟನಿಂಗ್ ಡಾಗ್’. ‘ಇಸುವ’ ಎಂದು ಬಂದರೆ ‘ಇಂಗ್’ ಹಾಕಿ, ಭಾವನೆ ಪಟ್ಟವರಿಗೆ ‘ಇಡಿ’ ಹಾಕಿ.

ಭಾವನೆ ಅಲ್ಲದ ಕಡೆ ವ್ಯತ್ಯಾಸ ಕಾಲದ್ದು. ಕುದಿಯುತ್ತಿರುವ ನೀರು ‘ಬಾಯ್ಲಿಂಗ್ ವಾಟರ್’, ಕುದಿಸಿಟ್ಟ ನೀರು ‘ಬಾಯ್ಲ್ಡ್ ವಾಟರ್’. ಮಳೆಗಾಲದಲ್ಲಿ ಕುಡಿಯಬೇಕಾದ್ದು ಎರಡನೆಯದು, ತಣಿಸಿಕೊಂಡು. ಬೀಳುತ್ತಿರುವ ಮರ ‘ಫಾಲಿಂಗ್ ಟ್ರೀ’, ಬಿದ್ದ ಮರ ‘ಫಾಲನ್ ಟ್ರೀ’.

ಮೂರು ನಾಲ್ಕು ಅಡ್ಜೆಕ್ಟಿವ್ ಬಂದರೆ ಯಾವುದು ಮೊದಲು?

ನಾವು ‘ಹಳೇ ದೊಡ್ಡ ಮನೆ’ ಎಂದರೂ ಆಯಿತು, ‘ದೊಡ್ಡ ಹಳೇ ಮನೆ’ ಎಂದರೂ ಆಯಿತು. ಇಂಗ್ಲಿಷಿನಲ್ಲಿ ಸಾಲು ಹೆಚ್ಚು ಬಿಗಿ: ಹೇಳುವವರ ಅಭಿಪ್ರಾಯ, ಗಾತ್ರ, ವಯಸ್ಸು, ಆಕಾರ, ಬಣ್ಣ, ಊರು ಅಥವಾ ಮೂಲ, ಯಾವುದರಿಂದ ಮಾಡಿದ್ದು, ಯಾತಕ್ಕೆ ಬಳಸುವುದು. ‘ಎ ಲವ್ಲಿ ಬಿಗ್ ಓಲ್ಡ್ ವುಡನ್ ಹೌಸ್’. ವಸ್ತುವಿನ ಜೊತೆ ಬಿಡಿಸಲಾಗದಂತೆ ಸೇರಿಕೊಂಡ ಗುಣ ನಾಮಪದಕ್ಕೆ ಹತ್ತಿರ, ನಮ್ಮ ಮನಸ್ಸಿಗೆ ಕಂಡದ್ದು ದೂರ ಎಂದು ನೆನಪಿಟ್ಟುಕೊಂಡರೆ ಸಾಲು ಬಹುಮಟ್ಟಿಗೆ ಸರಿಬರುತ್ತದೆ. ಸಂಖ್ಯೆ ಇದ್ದರೆ ಎಲ್ಲಕ್ಕೂ ಮುಂಚೆ: ‘ಟೂ ಸ್ಮಾಲ್ ಬ್ರಾಸ್ ಲ್ಯಾಂಪ್ಸ್’. ಎರಡು ಬಣ್ಣವಿದ್ದರೆ ನಡುವೆ ‘ಆ್ಯಂಡ್’: ‘ಎ ರೆಡ್ ಆ್ಯಂಡ್ ವೈಟ್ ಬಸ್’. ನಾಮಪದದ ಎದುರು ಮೂರಕ್ಕಿಂತ ಹೆಚ್ಚು ಪೇರಿಸದಿರುವುದು ಒಳ್ಳೆಯದು.

ಹೋಲಿಕೆಯಲ್ಲಿ ‘ಮೋರ್’ ಎಲ್ಲಿ, ‘ಇಆರ್’ ಎಲ್ಲಿ?

ಕನ್ನಡದಲ್ಲಿ ‘ಗಿಂತ’ ಹಚ್ಚಿದರೆ ಕೆಲಸ ಮುಗಿಯಿತು, ಗುಣವಾಚಕವನ್ನು ಮುಟ್ಟುವುದೇ ಇಲ್ಲ. ಇಂಗ್ಲಿಷಿನಲ್ಲಿ ‘ಗಿಂತ’ಕ್ಕೆ ‘ದ್ಯಾನ್’ ಹಾಕಿದ ಮೇಲೂ ಅಡ್ಜೆಕ್ಟಿವ್ ಬದಲಾಗಬೇಕು. ಒಂದೇ ಉಸಿರಿನ ಸಣ್ಣ ಪದಕ್ಕೆ ‘ಇಆರ್’: ‘ಆಗುಂಬೆ ಈಸ್ ವೆಟರ್ ದ್ಯಾನ್ ಶಿವಮೊಗ್ಗ’. ‘ವೆಟ್’, ‘ಬಿಗ್’, ‘ಹಾಟ್’ ಇಂಥವುಗಳ ಕೊನೆಯ ಅಕ್ಷರ ಎರಡಾಗುತ್ತದೆ. ‘ಹೆವಿ’, ‘ಹ್ಯಾಪಿ’ಯಂಥ ಪದಗಳ ಕೊನೆಯ ವೈ ಹೋಗಿ ಐ ಬಂದು ಆಮೇಲೆ ಇಆರ್. ‘ಬ್ಯೂಟಿಫುಲ್’, ‘ಡೇಂಜರಸ್’ನಂಥ ಉದ್ದ ಪದಕ್ಕೆ ‘ಮೋರ್’. ಎರಡನ್ನೂ ಸೇರಿಸಿ ‘ಮೋರ್ ಬೆಟರ್’, ‘ಮೋರ್ ಹೈಯರ್’ ಎನ್ನಬಾರದು.

ಪರೀಕ್ಷೆಯಲ್ಲಿ ಒಂದು ಡಿಗ್ರಿಯಿಂದ, ಅಂದರೆ ಹೋಲಿಕೆಯ ಒಂದು ಹಂತದಿಂದ, ಇನ್ನೊಂದಕ್ಕೆ ಬದಲಿಸಲು ಕೇಳುವುದುಂಟು. ಈ ಮೂರು ವಾಕ್ಯವನ್ನು ಅಚ್ಚಾಗಿ ಇಟ್ಟುಕೊಳ್ಳಿ:

‘ಮುಳ್ಳಯ್ಯನಗಿರಿ ಈಸ್ ದಿ ಹೈಯೆಸ್ಟ್ ಪೀಕ್ ಇನ್ ಕರ್ನಾಟಕ.’
‘ಮುಳ್ಳಯ್ಯನಗಿರಿ ಈಸ್ ಹೈಯರ್ ದ್ಯಾನ್ ಎನಿ ಅದರ್ ಪೀಕ್ ಇನ್ ಕರ್ನಾಟಕ.’
‘ನೋ ಅದರ್ ಪೀಕ್ ಇನ್ ಕರ್ನಾಟಕ ಈಸ್ ಆ್ಯಸ್ ಹೈ ಆ್ಯಸ್ ಮುಳ್ಳಯ್ಯನಗಿರಿ.’

ಅಂಕ ಹೋಗುವುದು ಮೂರು ಕಡೆ. ಮೊದಲನೆಯದರಲ್ಲಿ ‘ದಿ’ ಮರೆಯುತ್ತಾರೆ. ಎರಡನೆಯದರಲ್ಲಿ ‘ಅದರ್’ ಬಿಡುತ್ತಾರೆ. ಬಿಟ್ಟರೆ ಮುಳ್ಳಯ್ಯನಗಿರಿ ತನಗಿಂತ ತಾನೇ ಎತ್ತರ ಎಂದಾಗುತ್ತದೆ, ಅದೂ ಕರ್ನಾಟಕದ ಒಂದು ಶಿಖರ ತಾನೇ. ಮೂರನೆಯದರಲ್ಲಿ ‘ಹೈ’ ಬದಲು ‘ಹೈಯರ್’ ಬರೆಯುತ್ತಾರೆ. ‘ಒನ್ ಆಫ್ ದಿ’ ಬಂದರೆ ಮುಂದಿನ ನಾಮಪದ ಬಹುವಚನ: ‘ಒನ್ ಆಫ್ ದಿ ಹೈಯೆಸ್ಟ್ ಪೀಕ್ಸ್’.

‘ಸೀನಿಯರ್’, ‘ಜೂನಿಯರ್’ ಪದಗಳಿಗೆ ‘ದ್ಯಾನ್’ ಬಾರದು, ‘ಟು’ ಬರಬೇಕು. ಅಣ್ಣ ‘ಎಲ್ಡರ್ ಬ್ರದರ್’ ಆದರೂ ‘ಎಲ್ಡರ್ ದ್ಯಾನ್ ಮಿ’ ಎನ್ನುವಂತಿಲ್ಲ, ‘ಓಲ್ಡರ್ ದ್ಯಾನ್ ಮಿ’ ಎನ್ನಬೇಕು.

ಜೋಗದ ಎತ್ತರ ಹೇಳುವಾಗ ‘ಮೀಟರ್’ ಬರೆಯಬೇಕೋ ‘ಮೀಟರ್ಸ್’ ಬರೆಯಬೇಕೋ?

ಎರಡೂ ಉಂಟು, ಜಾಗ ಬೇರೆ. ‘ಜೋಗ್ ಫಾಲ್ಸ್ ಈಸ್ 253 ಮೀಟರ್ಸ್ ಹೈ’ ಎಂದಾಗ ಅಳತೆ ನಾಮಪದದ ಆಚೆಗಿದೆ, ಬಹುವಚನ ಬೇಕು. ಅದೇ ಅಳತೆ ನಾಮಪದದ ಎದುರು ಬಂದು ಅಡ್ಜೆಕ್ಟಿವ್ ಆದರೆ ಎಸ್ ಬಿದ್ದುಹೋಗುತ್ತದೆ, ಅಡ್ಡಗೆರೆ ಸೇರುತ್ತದೆ: ‘ಎ 253-ಮೀಟರ್ ವಾಟರ್‌ಫಾಲ್’. ‘ಎ ಟೂ-ಇಯರ್-ಓಲ್ಡ್ ಕಾಫ್’ ಎಂದರೆ ಎರಡು ವರ್ಷದ ಕರು. ‘ಎ ಫೈವ್-ಕಿಲೋಮೀಟರ್ಸ್ ವಾಕ್’ ಎಂದು ಎಸ್ ಉಳಿಸಿಕೊಂಡರೆ ತಪ್ಪು.

‘ಎ’ ಹಾಕಬೇಕೋ ‘ಆ್ಯನ್’ ಹಾಕಬೇಕೋ ಎನ್ನುವುದನ್ನು ಅಡ್ಜೆಕ್ಟಿವ್ ನಿರ್ಧರಿಸುತ್ತದೆಯೇ?

ಪಕ್ಕದಲ್ಲಿ ಬಂದ ಪದದ ಸದ್ದು ನಿರ್ಧರಿಸುತ್ತದೆ. ‘ಆ್ಯನ್ ಅಂಬ್ರೆಲಾ’, ಆದರೆ ‘ಎ ಬ್ಲ್ಯಾಕ್ ಅಂಬ್ರೆಲಾ’. ‘ಎ ಹೌಸ್’, ಆದರೆ ‘ಆ್ಯನ್ ಓಲ್ಡ್ ಹೌಸ್’. ‘ಯೂಸ್‌ಫುಲ್’ ಯು ಅಕ್ಷರದಿಂದ ಶುರುವಾದರೂ ಸದ್ದು ‘ಯ’ಕಾರ, ಹಾಗಾಗಿ ‘ಎ ಯೂಸ್‌ಫುಲ್ ಬುಕ್’.

‘ಫ್ಯೂ’ ಮತ್ತು ‘ಎ ಫ್ಯೂ’ ನಡುವೆ ಏನು ವ್ಯತ್ಯಾಸ?

‘ಎ ಫ್ಯೂ ಬಸಸ್’ ಎಂದರೆ ಕೆಲವು ಬಸ್ಸುಗಳಿವೆ, ಹೋಗಬಹುದು. ‘ಫ್ಯೂ ಬಸಸ್’ ಎಂದರೆ ಇಲ್ಲವೆನ್ನುವಷ್ಟು ಕಡಿಮೆ. ಎಣಿಸಲಾಗದ ನೀರು, ಹಾಲು, ದುಡ್ಡಿಗೆ ‘ಲಿಟಲ್’, ‘ಎ ಲಿಟಲ್’ ಇದೇ ರೀತಿ.

ನಾಮಪದದ ಎದುರು ಬಾರದ ಅಡ್ಜೆಕ್ಟಿವ್ ಇವೆಯೇ?

ಇವೆ. ‘ಅಸ್ಲೀಪ್’, ‘ಅಫ್ರೇಡ್’, ‘ಅಲೋನ್’, ‘ಅಲೈವ್’. ‘ದಿ ಬೇಬಿ ಈಸ್ ಅಸ್ಲೀಪ್’ ಸರಿ, ‘ಆ್ಯನ್ ಅಸ್ಲೀಪ್ ಬೇಬಿ’ ಅಲ್ಲ. ಅಲ್ಲಿ ‘ಸ್ಲೀಪಿಂಗ್ ಬೇಬಿ’ ಎನ್ನಿ. ‘ಮೇನ್’ ಇದಕ್ಕೆ ತಿರುವುಮುರುವು: ‘ದಿ ಮೇನ್ ರೋಡ್’ ಉಂಟು, ‘ದಿ ರೋಡ್ ಈಸ್ ಮೇನ್’ ಇಲ್ಲ. ‘ಸಮ್‌ಥಿಂಗ್’, ‘ನಥಿಂಗ್’ ಜೊತೆಗೆ ಅಡ್ಜೆಕ್ಟಿವ್ ಬೆನ್ನಿಗೆ ಬರುತ್ತದೆ: ಚಳಿಗೆ ಬಿಸಿಯಾದ್ದೇನಾದರೂ ಬೇಕಿದ್ದರೆ ‘ಸಮ್‌ಥಿಂಗ್ ಹಾಟ್’.

‘ಬಿಸಿ ಬಿಸಿ ಕಾಫಿ’ಗೆ ‘ಹಾಟ್ ಹಾಟ್ ಕಾಫಿ’ ಎನ್ನಬಹುದೇ?

ಬರವಣಿಗೆಯಲ್ಲಿ ಬೇಡ, ‘ಪೈಪಿಂಗ್ ಹಾಟ್ ಕಾಫಿ’ ಎನ್ನಿ. ‘ಸಣ್ಣ ಸಣ್ಣ ಹಳ್ಳಿಗಳು’ ಎನ್ನುವಾಗ ನಮ್ಮ ದ್ವಿರುಕ್ತಿ ‘ಬೇಕಾದಷ್ಟಿವೆ’ ಎಂದೂ ಸೂಚಿಸುತ್ತದೆ. ಅದಕ್ಕೆ ‘ಮೆನಿ ಸ್ಮಾಲ್ ವಿಲೇಜಸ್’ ಸಾಕು.

ಒಂದು ಪ್ಯಾರಾ ಕೊಟ್ಟು ಗುರುತಿಸಿ ತೋರಿಸುತ್ತೀರಾ?

‘ದಿ ಓಲ್ಡ್ ಬಸ್ ಫ್ರಮ್ ತೀರ್ಥಹಳ್ಳಿ ವಾಸ್ ಲೇಟ್. ದಿ ರೋಡ್ ಟು ಆಗುಂಬೆ ವಾಸ್ ನ್ಯಾರೋ ಆ್ಯಂಡ್ ಸ್ಲಿಪರಿ. ಎ ಫಾಲನ್ ಟ್ರೀ ಲೇ ನಿಯರ್ ದಿ ಲಾಸ್ಟ್ ಕರ್ವ್. ದಿ ಟೈರ್ಡ್ ಡ್ರೈವರ್ ಡ್ರೋವ್ ಸ್ಲೋಲಿ. ಎವ್ರಿ ವಿಂಡೋ ವಾಸ್ ಶಟ್. ಅಟ್ ಎ ಸ್ಮಾಲ್ ಟೀ ಶಾಪ್, ದಿ ಕಷಾಯ ಸ್ಮೆಲ್ಡ್ ವಂಡರ್‌ಫುಲ್.’

ಎಂಥ ಬಸ್ಸು? ‘ಓಲ್ಡ್’, ಎದುರಿಗಿದೆ. ಅದೇ ಬಸ್ಸಿನ ಬಗ್ಗೆ ‘ವಾಸ್’ ದಾಟಿ ‘ಲೇಟ್’ ಇದೆ, ಅದೂ ಅಡ್ಜೆಕ್ಟಿವ್. ರಸ್ತೆಗೆ ‘ನ್ಯಾರೋ’, ‘ಸ್ಲಿಪರಿ’ ಎರಡು. ಮರಕ್ಕೆ ‘ಫಾಲನ್’, ತಿರುವಿಗೆ ‘ಲಾಸ್ಟ್’, ಡ್ರೈವರಿಗೆ ‘ಟೈರ್ಡ್’. ‘ಸ್ಲೋಲಿ’ ಹೇಳುತ್ತಿರುವುದು ಓಡಿಸಿದ ರೀತಿಯನ್ನು, ಅದನ್ನು ಬಿಡಿ. ‘ಎವ್ರಿ’ ಹಳೆಯ ಪುಸ್ತಕದ ಪ್ರಕಾರ ಅಡ್ಜೆಕ್ಟಿವ್, ಹೊಸದರ ಪ್ರಕಾರ ಡಿಟರ್ಮಿನರ್. ‘ಶಟ್’ ಕಿಟಕಿಯ ಸ್ಥಿತಿ ಹೇಳುತ್ತಿದೆ, ಅಡ್ಜೆಕ್ಟಿವ್. ಅಂಗಡಿಗೆ ‘ಸ್ಮಾಲ್’ ಅಡ್ಜೆಕ್ಟಿವ್, ‘ಟೀ’ ನಾಮಪದ. ಕೊನೆಯ ‘ವಂಡರ್‌ಫುಲ್’ ಕ್ರಿಯಾಪದದ ಬೆನ್ನಿಗೇ ಬಂದಿರುವುದರಿಂದ ಅಲ್ಲಿ ‘ವಂಡರ್‌ಫುಲಿ’ ಬರೆಯಲು ಕೈ ಹೋಗುತ್ತದೆ. ‘ಸ್ಮೆಲ್ಡ್’ ತೆಗೆದು ‘ವಾಸ್’ ಹಾಕಿ ನೋಡಿ: ‘ದಿ ಕಷಾಯ ವಾಸ್ ವಂಡರ್‌ಫುಲ್’. ವಾಕ್ಯ ನಿಂತಿತು, ಅಡ್ಜೆಕ್ಟಿವ್.